ಸಾಹುಕಾರನ ನಾಯಿಯ ಟಾರ್ಚರ್

ಇಟ್ಟಿಗೆ ಗೂಡಿನ ಕತ್ತೆ ಬೆಳಗಿನಿಂದ ಇಟ್ಟಿಗೆ ಹೊತ್ತು ಹೊತ್ತು, ಸಂಜೆ ಕೆರೆ ಏರಿಯ ಮೇಲೆ ಮೇಯುತ್ತಿತ್ತು. ಎಲ್ಲಿಗೂ ಓಡಿಹೋಗದಂತೆ ಗೂಡಿನ ಒಡೆಯ ಸಾಹುಕಾರ ಅದರ ಮುಂಗಾಲು ಎರಡನ್ನೂ ಸೇರಿಸಿ ಹಗ್ಗ ಬಿಗಿದಿದ್ದ. ಅಲ್ಲಿಗೆ ಅದೇ ಸಾಹುಕಾರನ ಮನೆಯ ನಾಯಿ ಗೊಣಗುತ್ತಾ ಬಂತು.

“ಇವತ್ತೂ ಸೋಪು ಹಚ್ಚಿ ಬಿಸಿನೀರು ಹುಯ್ದರು. ಎಂಥಾ ಟಾರ್ಚರ್ ಗೊತ್ತಾ!”

“ಟಾರ್ಚರ್ ಅಂದರೇನಣ್ಣ?” ಎಂದಿತು ಕತ್ತೆ.

“ಇಂಗ್ಲಿಷು ಕಣೋ. ಮನೆಯಲ್ಲಿ ಎಲ್ಲರೂ ಆಡುತ್ತಾರೆ. ಬೇಡ ಬೇಡ ಅಂದರೂ ಬಿಡದೆ ಹಿಂಸೆ ಕೊಡುವುದು.”

ಕತ್ತೆ ತಿರುಗಿ ನಿಂತು ಬೆನ್ನು ತೋರಿಸಿತು. ಹೇರು ಉಜ್ಜಿ ಉಜ್ಜಿ ಚರ್ಮ ಸುಲಿದು, ಹುಣ್ಣಿಗೆ ನೊಣ ಮುತ್ತಿದ್ದವು. “ಹಾಗಾದರೆ ಇದಕ್ಕೂ ಅದೇ ಹೆಸರೋ?”

ನಾಯಿ ಹತ್ತಿರ ಬಂದು, ಮೂಸಿ ನೋಡಿ, ಮೂಗು ಮುರಿಯಿತು. “ಛೆ, ಅದು ಟಾರ್ಚರ್ ಹೇಗಾಗುತ್ತೆ? ಅದು ನಿನ್ನ ಕೆಲಸ!”

ಕತ್ತೆಗೆ ಪಿತ್ತ ನೆತ್ತಿಗೇರಿತು. ಸಾಹುಕಾರ ಕಟ್ಟಿದ್ದು ಮುಂಗಾಲು ಮಾತ್ರ. ಹಿಂಗಾಲು ಎರಡನ್ನೂ ಎತ್ತಿ ಝಾಡಿಸಿ ಒದೆಯಿತು. ನಾಯಿ ಏರಿಯಿಂದ ಉರುಳಿ ಕೆರೆಗೆ ಬಿದ್ದು, “ಅಯ್ಯಯ್ಯೋ, ಟಾರ್ಚರ್! ಟಾರ್ಚರ್!” ಎಂದು ಬೊಬ್ಬೆ ಹಾಕಿತು.

“ಛೆ, ಟಾರ್ಚರ್ ಹೇಗಾಗುತ್ತೆ ಅಣ್ಣ?” ಎಂದಿತು ಕತ್ತೆ. “ಒದೆಯುವುದೂ ನನ್ನ ಕೆಲಸವೇ!”