ಅಮಲ್ದಾರರು ಕಲಿತ ಏಳುವ ಪಾಠ

ಅಮಲ್ದಾರರು ಗರಡಿಮನೆಗೆ ಬಂದು ಹುಕುಂ ಮಾಡಿದರು. "ನಮಗೆ ಕುಸ್ತಿ ಕಲಿಸಬೇಕು. ಆದರೆ ನಾವು ಬೀಳುವವರಲ್ಲ. ಯಾರಾದರೂ ಕೆಡವಿದರೆ ಗರಡಿಗೆ ಬೀಗ."

ಉಸ್ತಾದರು ಬೆವೆತುಹೋದರು. ಅಲ್ಲಿ ಮೊದಲ ಪಾಠವೇ ಬೀಳುವುದು. ಮಣ್ಣು ಹದ ಮಾಡುತ್ತಿದ್ದ ಜವರಯ್ಯ ಗುದ್ದಲಿ ಕೆಳಗಿಟ್ಟ. "ಬೀಳೋದು ಬೇಡ ಬುದ್ಧಿ, ಏಳೋದನ್ನ ಕಲೀರಿ. ಏಳೋಕೆ ಮೊದಲು ನೆಲದ ಮೇಲಿರಬೇಕಲ್ಲ? ಗದ್ದ ಎದೆಗೊತ್ತಿ ದುಂಡಗೆ ಉರುಳಿಬಿಡಿ."

ಅಮಲ್ದಾರರು ಒಪ್ಪಿದರು. ತಿಂಗಳೊಪ್ಪತ್ತು ಉರುಳಿದರು, ಎದ್ದರು.

ಒಂದು ದಿನ ಕಚೇರಿಯ ಮೆಟ್ಟಿಲ ಮೇಲೆ ಕಾಲು ಜಾರಿತು. ಮೈ ತಾನಾಗಿಯೇ ದುಂಡಗೆ ಉರುಳಿ ಎದ್ದು ನಿಂತಿತು. ರುಮಾಲಿಗಷ್ಟೇ ಧೂಳು.

ಮರುದಿನ ಗರಡಿಗೆ ಬಂದವರು ಮಣ್ಣನ್ನು ಹಣೆಗೊತ್ತಿಕೊಂಡರು. "ಜವರಯ್ಯ, ನೀನು ನನಗೆ ಕಲಿಸಿದ್ದು ಬೀಳೋದನ್ನೇ ಅಲ್ಲವೇನಯ್ಯ? ನಿನ್ನಿಂದ ನನ್ನ ಸೊಂಟ ಉಳೀತು."

"ಬಿದ್ದದ್ದನ್ನ ಯಾರು ನೋಡಿದ್ರು ಬುದ್ಧಿ? ಊರೆಲ್ಲ ಮಾತಾಡ್ತಿರೋದು ನೀವು ಎದ್ದದ್ದನ್ನ."