ಅಮಲ್ದಾರರು ಬಯಸಿದ ಮಾವಿನ ಮರ

ಅಮಲ್ದಾರರ ಮಾತೇ ಶಾಸನವಾಗಿದ್ದ ಕಾಲದ ಒಂದು ವೈಶಾಖ. ಸಾಕಮ್ಮನ ಹಿತ್ತಿಲಲ್ಲಿ ಒಂದೇ ಮರ ರಸಪುರಿ, ಬಾದಾಮಿ, ಮಲಗೋವ ಮೂರನ್ನೂ ಬಿಡುತ್ತಿತ್ತು. ಅವಳೇ ಕಸಿ ಕಟ್ಟಿ, ಹದಿನಾಲ್ಕು ವರ್ಷ ಸಲಹಿದ ಮರವದು.

"ನಾಳೆ ಅದನ್ನು ಬೇರುಸಹಿತ ಕಿತ್ತು ನಮ್ಮ ಬಂಗಲೆಯಲ್ಲಿ ನೆಡತಕ್ಕದ್ದು" ಎಂದು ಅಮಲ್ದಾರ ಶೇಷಾದ್ರಯ್ಯನವರ ಅಪ್ಪಣೆಯಾಯಿತು. ಸಾಕಮ್ಮ ನಿಂತಲ್ಲಿ ನಿಲ್ಲಲಾರದೆ, ಕೂತಲ್ಲಿ ಕೂರಲಾರದೆ ಚಡಪಡಿಸಿದಳು.

ಮರುದಿನ ಅವರು ಆಳುಗಳೊಡನೆ ಬಂದಾಗ ಒಂದು ಹಣ್ಣನ್ನು ಕೊಯ್ದು ಮುಂದೆ ಹಿಡಿದಳು. "ಮೊದಲು ರುಚಿ ನೋಡಬೇಕು, ಬುದ್ಧೀ."

ಕಚ್ಚಿದವರೇ ಮುಖ ಕಿವಿಚಿದರು. "ಥೂ! ಹಲ್ಲೆಲ್ಲ ಚುಳ್ಳೆಂದವು! ಯಾವ ಮರದ್ದೇ ಇದು?"

"ಇದೇ ಮರದ್ದು, ಕಸಿಯ ಕೆಳಗಿನ ಕೊಂಬೆಯದು. ನಾನು ಕಸಿ ಕಟ್ಟಿದ್ದು ಕಾಡುಮಾವಿನ ಬುಡಕ್ಕೆ. ಇಷ್ಟು ದೊಡ್ಡ ಮರವನ್ನು ಕಿತ್ತು ನೆಟ್ಟರೆ ಮೇಲಿನದೆಲ್ಲ ಒಣಗಿ, ಬುಡವೊಂದೇ ಚಿಗುರುತ್ತದೆ. ತಮ್ಮ ಬಂಗಲೆಗೆ ಬರುವ ದೊಡ್ಡ ದೊರೆಗಳಿಗೆ ಆಮೇಲೆ ಈ ಹಣ್ಣೇ ಗತಿ, ಬುದ್ಧೀ."

ಅಮಲ್ದಾರರು ಬಾಯೊರೆಸಿಕೊಂಡು ಆಳುಗಳನ್ನು ಗದರಿದರು: "ಗುದ್ದಲಿ ಎತ್ತಲು ಯಾರೋ ಹೇಳಿದ್ದು? ಕೆಳಗಿಡಿ!"

ಮರ ಹಿತ್ತಿಲಲ್ಲೇ ಉಳಿಯಿತು. ಆ ಮಳೆಗಾಲದಲ್ಲಿ ಸಾಕಮ್ಮ ಬಂಗಲೆಯ ಮಾಲಿಗೆ ಕಸಿ ಕಟ್ಟುವುದನ್ನು ಕಲಿಸಿಕೊಟ್ಟಳು.