ಸೆಟೆದ ತೋಳು, ತಿರುಗುವ ಚೆಂಡು

ಸಾಫ್ಟ್‌ಬಾಲ್ ಪಂದ್ಯದ ಕೊನೆಯ ಗಳಿಗೆ. ಚೆಂಡೆಸೆಯುವ ನೀಲಾಂಬಿಕೆಯ ಬಲತೋಳು ಬೆರಳುಗಳಿಗೆ ಅಪ್ಪಣೆ ಕೊಟ್ಟಿತು: "ನಾನು ರಾಟೆಯಂತೆ ಸುತ್ತಿ ಎಸೆಯುತ್ತೇನೆ. ನೀವು ಸುಮ್ಮನೆ ಚೆಂಡನ್ನು ಬಿಟ್ಟರೆ ಸಾಕು."

ತೋಳು ಗಿರ್ರನೆ ಸುತ್ತಿತು. ಚೆಂಡು ನೆಟ್ಟಗೆ ಹೋಯಿತು. "ಬನ್ನಿ, ಈ ದಾರಿಯಲ್ಲೇ ಬರುತ್ತೀರೆಂದು ಗೊತ್ತಿತ್ತು" ಎಂದು ಎದುರಾಳಿಯ ಬ್ಯಾಟು ಅದನ್ನು ದೂರಕ್ಕೆ ಅಟ್ಟಿತು. ಪುಣ್ಯಕ್ಕೆ ಚೆಂಡು ಅಂಕಣದ ಪಕ್ಕದ ಗೆರೆಯಾಚೆ ಬಿದ್ದು, ಆ ಹೊಡೆತಕ್ಕೆ ಓಟ ಸಿಗದೆ ಪಂದ್ಯ ಉಳಿಯಿತು.

ಮರಳಿ ಬಂದ ಚೆಂಡು ಸಿಡುಕಿತು: "ತೋಳಪ್ಪನವರೇ, ವೇಗ ಕೊಟ್ಟಿರಿ, ಸಂತೋಷ. ತಿರುಗುವಿಕೆ ಎಲ್ಲಿ? ನೀವು ಒನಕೆಯಂತೆ ಸೆಟೆದರೆ ಮಣಿಕಟ್ಟು ಮಡಚಿಕೊಳ್ಳುವುದು ಹೇಗೆ? ಬೆರಳು ನನ್ನನ್ನು ತಿರುಗಿಸುವುದು ಹೇಗೆ?"

"ಸಡಿಲಾದರೆ ನನ್ನ ಗತ್ತು ಏನಾದೀತು?"

"ಇನ್ನೊಂದು ಏಟು ಬಿದ್ದರೆ ನಿಮ್ಮ ಗತ್ತು ಬೇಲಿಯಾಚೆ ಬಿದ್ದಿರುತ್ತದೆ. ಹೋಗಿ ಹೆಕ್ಕಿಕೊಳ್ಳಿ!"

ತೋಳು ನಾಚಿ ಹಗ್ಗದಂತೆ ಸಡಿಲಾಯಿತು. ಸುತ್ತಿ ಸೊಂಟದ ಬಳಿ ಬಂದಾಗ ಮಣಿಕಟ್ಟು ಚಕ್ಕನೆ ಮಡಚಿಕೊಂಡಿತು. ಬೆರಳುಗಳು ಚೆಂಡಿನ ಹೊಲಿಗೆಯನ್ನು ಹಿಂದಿನಿಂದ ಮೇಲಕ್ಕೆ ಸವರಿ ಮುಂದಕ್ಕೆ ಉರುಳಿಸಿದವು.

"ಅಯ್ಯಯ್ಯೋ, ತಲೆ ತಿರುಗುತ್ತಿದೆ! ಇನ್ನೂ ತಿರುಗಲಿ!" ಎಂದು ಕೇಕೆ ಹಾಕುತ್ತ ಹೊರಟ ಚೆಂಡು, ಬ್ಯಾಟು ಬೀಸಿದ ಹೊತ್ತಿಗೆ ಸರಿಯಾಗಿ ಅದರ ಕೆಳಗೆ ಧುಮುಕಿತು. ಬ್ಯಾಟಿಗೆ ಸಿಕ್ಕಿದ್ದು ಬರೀ ಗಾಳಿ. ಕೊನೆಯ ಅವಕಾಶವೂ ತಪ್ಪಿ ಎದುರಾಳಿ ಔಟಾದಳು.

ಗೆದ್ದ ಗೆಳತಿಯರು ಕುಣಿಯುತ್ತ ಓಡಿ ಬಂದರು. ಮೆಚ್ಚುಗೆ ತನಗೇ ಎಂದು ತೋಳು ತಲೆಗಿಂತ ಎತ್ತರಕ್ಕೆ ಏರಿತು. ಆದರೆ ಅವರೆಲ್ಲ ಚಟಚಟನೆ ತಟ್ಟಿದ್ದು ತುದಿಯಲ್ಲಿದ್ದ ಬೆರಳುಗಳನ್ನು.

ತೋಳು ಇಳಿಯಲಿಲ್ಲ. ಅವುಗಳನ್ನು ಇನ್ನಷ್ಟು ಮೇಲೆತ್ತಿ ಹಿಡಿಯಿತು.